ಮೊಮ್ಮಗಳ ರಿಪೋರ್ಟು, ಅಜ್ಜನ ಕೈ

“ಕ್ಯಾರಿಯರ್ ಆಗಿದ್ರೆ ಏನೂ ತೊಂದರೆ ಇಲ್ಲ, ನಿಮಗೇನೂ ಆಗಲ್ಲ.” ಗೋಶೆ ಅನ್ನುವ, ವಂಶವಾಹಿಯಿಂದ ಬರುವ ಅಪರೂಪದ ಕಾಯಿಲೆ ಇರುವ ಮಕ್ಕಳ ಅಪ್ಪ ಅಮ್ಮಂದಿರು ಈ ಮಾತನ್ನು ತುಂಬಾ ವರ್ಷಗಳಿಂದ ಕೇಳುತ್ತಾ ಬಂದಿದ್ದಾರೆ. ನಮ್ಮ ಅಕ್ಕ, ಭಾವನಿಗೂ ಹೀಗೇ ಹೇಳಿದ್ದರು. ಹೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಮಗುವಿಗೆ ಹೀಗಾಗಿದೆ ಅಂತ ಕೇಳಿ ಕುಸಿದು ಕೂತವರಿಗೆ ಒಂದು ಸಮಾಧಾನದ ಮಾತು ಬೇಕಿತ್ತು, ಅದನ್ನು ಕೊಟ್ಟರು. ಶಾಲೆಯಲ್ಲಿ ನಾವೆಲ್ಲ ಕಲಿತದ್ದೂ ಅದೇ ತಾನೇ? ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೆ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ, ಅಂಥವರೇ ಕ್ಯಾರಿಯರ್. ಎರಡೂ ಕೆಟ್ಟಾಗ ಮಾತ್ರ ಕಾಯಿಲೆ.

ಈ ಜೀನಿನ ಮಟ್ಟಿಗೆ ಆ ಮಾತು ಪೂರ್ತಿ ನಿಜವಲ್ಲ ಅಂತ ಗೊತ್ತಾಗಿ ಇಪ್ಪತ್ತು ವರ್ಷದ ಮೇಲಾಯಿತು. ಎರಡೂ ಪ್ರತಿ ಕೆಟ್ಟರೆ ಗೋಶೆ ಬರುವ ಅದೇ ಜಿಬಿಎ1 ಜೀನು, ಒಂದೇ ಪ್ರತಿ ಕೆಟ್ಟಿದ್ದರೂ ವಯಸ್ಸಾದ ಮೇಲೆ ಪಾರ್ಕಿನ್ಸನ್ ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಪಾರ್ಕಿನ್ಸನ್‌ಗೆ ಈವರೆಗೆ ಸಿಕ್ಕಿರುವ ಜೀನ್ ಸಂಬಂಧಿ ಕಾರಣಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಲ್ಲಿ ಕಾಣುವುದು ಇದೇ. ಅಪರೂಪದ ಮಕ್ಕಳ ಕಾಯಿಲೆ ಅಂತ ಒಂದು ಕಡೆ, ಮುಪ್ಪಿನ ಕಾಯಿಲೆ ಅಂತ ಇನ್ನೊಂದು ಕಡೆ ಇಟ್ಟಿದ್ದ ಎರಡಕ್ಕೂ ಬೇರು ಒಂದೇ ಜಾಗದಲ್ಲಿದೆ. ನಮ್ಮ ಮನೆಯಲ್ಲಿ ಎರಡೂ ಇವೆ. ಅಕ್ಕನ ಮಗಳಿಗೆ ಗೋಶೆ, ನಮ್ಮ ಅಪ್ಪನಿಗೆ ಪಾರ್ಕಿನ್ಸನ್.

ಈ ನಂಟಿನ ವಿಜ್ಞಾನ ಓದಿದಷ್ಟೂ ಖುಷಿ ಕೊಡುತ್ತದೆ, ನಿಜ. ನನ್ನನ್ನು ಕಾಡುತ್ತಿರುವುದು ಮಾತ್ರ ಬೇರೆಯದು. ಮಗುವಿನ ರಕ್ತ ಪರೀಕ್ಷೆ ಮಾಡಿಸಿದರೆ ಮಗುವಿನದಷ್ಟೇ ಅಲ್ಲ, ಅಪ್ಪ ಅಮ್ಮನ ರಿಪೋರ್ಟೂ ಬಂದುಬಿಡುತ್ತದೆ. ಅದನ್ನು ಅವರು ಕೇಳಿರಲಿಲ್ಲ.

ಎರಡು ಫೈಲು

ಅಕ್ಕನ ಮಗಳಿಗೆ ಮೊದಲು ಕಂಡದ್ದು ಮೈಮೇಲೆ ನೀಲಿ ಕಲೆಗಳು. ಎಲ್ಲೂ ಬಿದ್ದಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ಆಮೇಲೆ ಹೊಟ್ಟೆ ಉಬ್ಬಿದಂತೆ ಕಾಣತೊಡಗಿತು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಪ್ಲೇಟ್ಲೆಟ್ ಕಡಿಮೆ, ರಕ್ತ ಕಡಿಮೆ, ರಾತ್ರಿ ಮೂಳೆ ನೋವು. ಇಷ್ಟು ಲಕ್ಷಣ ಒಟ್ಟಿಗೆ ಸೇರಿದರೆ ಯಾವ ಡಾಕ್ಟರಾದರೂ ಮೊದಲು ರಕ್ತದ ಕ್ಯಾನ್ಸರ್ ಇರಬಹುದಾ ಅಂತ ನೋಡುತ್ತಾರೆ. ಇಲ್ಲೂ ಹಾಗೇ ಆಯಿತು. ಅದಲ್ಲ ಅಂತ ಖಾತ್ರಿಯಾದ ಮೇಲೆ ಒಂದು ಕಿಣ್ವದ ಪರೀಕ್ಷೆ ಮಾಡಿಸಿದರು. ಗ್ಲೂಕೋಸೆರೆಬ್ರೋಸಿಡೇಸ್ ಅಂತ ಅದರ ಹೆಸರು, ಜಿಬಿಎ1 ಜೀನು ತಯಾರಿಸುವುದು ಇದನ್ನೇ. ಹಳೆಯ ಜೀವಕೋಶಗಳಿಂದ ಬರುವ ಒಂದು ಬಗೆಯ ಕೊಬ್ಬನ್ನು ಒಡೆಯುವುದು ಅದರ ಕೆಲಸ. ಅದು ಸಾಕಷ್ಟು ಇಲ್ಲದಿದ್ದರೆ ಕೊಬ್ಬು ಗುಲ್ಮದಲ್ಲಿ, ಪಿತ್ತಜನಕಾಂಗದಲ್ಲಿ, ಮೂಳೆಯ ಮಜ್ಜೆಯಲ್ಲಿ ಕೂತುಬಿಡುತ್ತದೆ. 1882ರಲ್ಲಿ ಫಿಲಿಪ್ ಗೋಶೆ ಎನ್ನುವ ಫ್ರೆಂಚ್ ವೈದ್ಯವಿದ್ಯಾರ್ಥಿ 32 ವರ್ಷದ ಒಬ್ಬ ಹೆಂಗಸಿನಲ್ಲಿ ಹೀಗೆ ಊದಿಕೊಂಡ ಗುಲ್ಮವನ್ನು ನೋಡಿ, ಅದು ಗುಲ್ಮದ ಗಡ್ಡೆ ಅಂದುಕೊಂಡ. ಕಿಣ್ವದ ಕೊರತೆಯೇ ಕಾರಣ ಅಂತ ಗೊತ್ತಾಗಲು ಎಂಬತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಅಮೆರಿಕದ ರಾಸ್ಕೋ ಬ್ರೇಡಿ ಮತ್ತು ಅವರ ಜೊತೆಗಾರರು ಅದನ್ನು ಕಂಡುಹಿಡಿದು, ಆಮೇಲೆ ಆ ಕಿಣ್ವವನ್ನು ಹೊರಗಿನಿಂದ ಕೊಡುವ ದಾರಿಯನ್ನೂ ಹುಡುಕಿದರು. 1991ರಲ್ಲಿ ಮೊದಲ ಔಷಧಕ್ಕೆ ಒಪ್ಪಿಗೆ ಸಿಕ್ಕಾಗ ಅದನ್ನು ಮನುಷ್ಯರ ಹೆರಿಗೆಯ ಮಾಸುಗಳಿಂದ ತೆಗೆಯುತ್ತಿದ್ದರು. ಒಬ್ಬ ರೋಗಿಯ ಒಂದು ವರ್ಷದ ಔಷಧಕ್ಕೆ ಸಾವಿರಾರು ಮಾಸು ಬೇಕಿತ್ತು. ಈಗ ಅದು ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಿಂದ ಬರುತ್ತದೆ. ಎರಡು ವಾರಕ್ಕೊಮ್ಮೆ ಡ್ರಿಪ್ ಹಾಕುತ್ತಾರೆ. ನಮ್ಮ ಹುಡುಗಿಯ ಹೊಟ್ಟೆ ಇಳಿಯಿತು, ಪ್ಲೇಟ್ಲೆಟ್ ಏರಿತು. ಡ್ರಿಪ್ ಹಾಕಿಸಿಕೊಳ್ಳುತ್ತಲೇ ಹೋಮ್‌ವರ್ಕ್ ಮಾಡುತ್ತಾಳೆ.

ಅಪ್ಪನ ಕಾಯಿಲೆಯನ್ನು ನಾವು ನಡುಕದಿಂದ ಗುರುತಿಸಲಿಲ್ಲ. ಕೈಬರಹದಿಂದ ಗೊತ್ತಾಯಿತು. ಅಪ್ಪ ದಿನಾ ಡೈರಿ ಬರೆಯುವವರು. ಹಳೆಯ ಡೈರಿಗಳಲ್ಲಿ ಅಕ್ಷರಗಳು ದುಂಡಗೆ, ಗೆರೆಯ ಮೇಲೆ ಕೂರಿಸಿದ ಹಾಗೆ ಇರುತ್ತಿದ್ದವು. ನಂತರದವುಗಳಲ್ಲಿ ಸಾಲಿನ ಮೊದಲ ಪದ ಸರಿಯಾಗಿದ್ದರೂ ಸಾಲು ಮುಗಿಯುವಷ್ಟರಲ್ಲಿ ಅಕ್ಷರ ಅರ್ಧಕ್ಕೆ ಇಳಿದಿರುತ್ತಿತ್ತು. ಒತ್ತಕ್ಷರಗಳು ಬರೀ ಚುಕ್ಕಿಗಳಾಗಿ ಕಾಣುತ್ತಿದ್ದವು. ಇನ್ನೂ ಆಮೇಲಿನ ಡೈರಿಯಲ್ಲಿ ದಿನಕ್ಕೆ ಎರಡೇ ಸಾಲು. ನಡೆಯುವಾಗ ಬಲಗೈ ಬೀಸುವುದೂ ನಿಂತಿತ್ತು, ಮೈಗೆ ಅಂಟಿಸಿಕೊಂಡ ಹಾಗೆ ಇರುತ್ತಿತ್ತು. ಸುಮ್ಮನೆ ಕೂತಾಗ ಹೆಬ್ಬೆರಳು ತೋರುಬೆರಳಿಗೆ ಉಜ್ಜುತ್ತಾ ಇರುವುದು ಕೊನೆಯಲ್ಲಿ ಬಂತು. ನರರೋಗ ತಜ್ಞರು ಕೂರಿಸಿ, ನಡೆಸಿ, ಬೆರಳು ತಟ್ಟಲು ಹೇಳಿ, ಪಾರ್ಕಿನ್ಸನ್ ಅಂದರು.

ಹೀಗೆ ಎರಡು ಫೈಲುಗಳು ಒಂದೇ ಕಪಾಟಿನಲ್ಲಿ ಕೂತಿದ್ದವು. ರಕ್ತದ ಡಾಕ್ಟರಿಗೆ ಅಪ್ಪನ ವಿಷಯ ಗೊತ್ತಿರಲಿಲ್ಲ. ನರದ ಡಾಕ್ಟರಿಗೆ ಮೊಮ್ಮಗಳ ವಿಷಯ ಗೊತ್ತಿರಲಿಲ್ಲ. ಹೇಳಬೇಕು ಅಂತ ನಮಗೂ ಹೊಳೆದಿರಲಿಲ್ಲ. ಹೊಳೆಯಲು ಕಾರಣವೇ ಇರಲಿಲ್ಲ.

ನಡುಕ ಯಾರಿಗಾದರೂ ಇದೆಯಾ?

ಎರಡನ್ನೂ ಸೇರಿಸಿದವರು ಜೆನೆಟಿಕ್ ಕೌನ್ಸೆಲರ್ ಒಬ್ಬರು. ಮೊದಲ ಭೇಟಿಯಲ್ಲಿ ಒಂದು ದೊಡ್ಡ ಹಾಳೆ ತೆಗೆದು ವಂಶವೃಕ್ಷ ಬರೆಯತೊಡಗಿದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಕಾಯಿಲೆ ಇದ್ದವರದು ಪೂರ್ತಿ ಕಪ್ಪು, ಕ್ಯಾರಿಯರ್ ಆದರೆ ಅರ್ಧ ಕಪ್ಪು. ಅಕ್ಕನ ವೃತ್ತ, ಭಾವನ ಚೌಕ ಎರಡಕ್ಕೂ ಕೇಳದೆಯೇ ಅರ್ಧ ಕಪ್ಪು ಬಳಿದರು. ಮಗಳಿಗೆ ಗೋಶೆ ಇದ್ದ ಮೇಲೆ ಇಬ್ಬರಿಂದಲೂ ಒಂದೊಂದು ಪ್ರತಿ ಬಂದಿರಲೇಬೇಕಲ್ಲ. ಆಮೇಲೆ ಒಬ್ಬೊಬ್ಬರ ಬಗ್ಗೆಯೂ ಕೇಳುತ್ತಾ ಹೋದರು. ಮೂಳೆ ಮುರಿತ, ರಕ್ತಸ್ರಾವ, ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡವರು. ಇದ್ದಕ್ಕಿದ್ದಂತೆ, “ಮನೆಯಲ್ಲಿ ದೊಡ್ಡವರಿಗೆ ಯಾರಿಗಾದರೂ ಕೈ ನಡುಕ, ನಿಧಾನ ನಡಿಗೆ ಇದೆಯಾ?” ಅಂತ ಕೇಳಿದರು.

ಅಕ್ಕ ಹೇಳಿದಳು, “ಅಪ್ಪನಿಗೆ ಪಾರ್ಕಿನ್ಸನ್ ಇದೆ. ಆದರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಲ್ವಾ?”

ಕೌನ್ಸೆಲರ್ ಪೆನ್ನು ಕೆಳಗಿಟ್ಟರು. ಹಾಳೆಯನ್ನು ನಮ್ಮ ಕಡೆ ತಿರುಗಿಸಿ ಅಪ್ಪನ ಚೌಕವನ್ನು ತೋರಿಸಿದರು. ಅದು ಇನ್ನೂ ಖಾಲಿ ಇತ್ತು. “ಇರಬಹುದು,” ಅಂದರು. “ನಿಮಗೆ ಆ ಪ್ರತಿ ನಿಮ್ಮ ತಂದೆಯಿಂದ ಬಂದಿರಬಹುದು, ತಾಯಿಯಿಂದಲೂ ಬಂದಿರಬಹುದು. ತಂದೆಯಿಂದ ಬಂದಿದ್ದರೆ ಅವರ ಪಾರ್ಕಿನ್ಸನ್‌ಗೆ ಅದೂ ಒಂದು ಕಾರಣ ಆಗಿರಬಹುದು.” ಅವರು ಮುಂದೆ ವಿವರಿಸುತ್ತಿದ್ದರು. ನಾನು ಭಾವನ ಮುಖ ನೋಡಿದೆ. ಅವರ ಕಣ್ಣು ತಮ್ಮದೇ ಅರ್ಧ ಕಪ್ಪು ಚೌಕದ ಮೇಲಿತ್ತು. ಅವರ ಮನೆಯಲ್ಲಿ ಯಾರಿಗೂ ನಡುಕ ಇಲ್ಲ. ಮಗಳ ಚಿಕಿತ್ಸೆಯ ಬಗ್ಗೆ ಕೇಳಲು ಬಂದಿದ್ದ ಮನುಷ್ಯನಿಗೆ ತನ್ನ ವೃದ್ಧಾಪ್ಯದ ಬಗ್ಗೆ ಒಂದು ವಿಷಯ ಗೊತ್ತಾಗಿಹೋಗಿತ್ತು.

ಅಪ್ಪನ ನರರೋಗ ತಜ್ಞರು ಆಮೇಲೆ ಪರೀಕ್ಷೆ ಮಾಡಿಸಿದರು. ಅಕ್ಕನಲ್ಲಿರುವ ಅದೇ ದೋಷ ಅಪ್ಪನಲ್ಲೂ ಇತ್ತು.

ಕಾಕತಾಳೀಯ ಅಂತ ಬಿಡದವರು

ಈ ಒಂದು ಪ್ರಶ್ನೆ ಕೌನ್ಸೆಲರ್ ಬಾಯಿಗೆ ಬರುವ ಹಿಂದೆ ದೊಡ್ಡ ಕಥೆಯಿದೆ. ಗೋಶೆಯಲ್ಲಿ ಮೂರು ಬಗೆ. ಅವುಗಳಲ್ಲಿ ಟೈಪ್ 1 ಮಿದುಳನ್ನು ಮುಟ್ಟುವುದಿಲ್ಲ ಅಂತಲೇ ವೈದ್ಯರು ನಂಬಿದ್ದರು. ಟೈಪ್ 2, ಟೈಪ್ 3ರಲ್ಲಿ ಮಾತ್ರ ನರಮಂಡಲಕ್ಕೆ ಪೆಟ್ಟು. ಹೀಗಿರುವಾಗ ಟೈಪ್ 1ರ ರೋಗಿಯೊಬ್ಬರಿಗೆ ನಡುಕ, ಬಿಗಿತ ಶುರುವಾದರೆ ಏನನ್ನಬೇಕು? ಪಾರ್ಕಿನ್ಸನ್ ಸಾಮಾನ್ಯ ಕಾಯಿಲೆ, ಗೋಶೆ ಇದ್ದವರಿಗೂ ಬರಬಹುದು, ಕಾಕತಾಳೀಯ. ಹಾಗಂತ ಬಿಟ್ಟರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. 1996ರಲ್ಲಿ ಇಸ್ರೇಲಿನ ವೈದ್ಯರು ಅಂಥ ಆರು ರೋಗಿಗಳನ್ನು ಒಟ್ಟಿಗೆ ಇಟ್ಟು ವರದಿ ಮಾಡಿದರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಗೋಶೆ ರೋಗಿಗಳನ್ನು ನೋಡುತ್ತಿದ್ದ ಎಲೆನ್ ಸಿಡ್ರಾನ್ಸ್ಕಿ ಮತ್ತು ಅವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ರೋಗಿಗಳ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರ ಬಗ್ಗೆ ವಿಚಾರಿಸಿದರು. ಗೋಶೆ ಇಲ್ಲದ, ಬರೀ ಕ್ಯಾರಿಯರ್ ಆಗಿದ್ದ ಹಿರಿಯರಲ್ಲೂ ಪಾರ್ಕಿನ್ಸನ್ ಕಂಡಿತು.

ಆಮೇಲೆ ತಿರುಗಿ ನೋಡಿದರು. ಗೋಶೆ ಅಂದರೇನು ಅಂತಲೇ ಕೇಳಿರದ ಪಾರ್ಕಿನ್ಸನ್ ರೋಗಿಗಳಲ್ಲಿ ಈ ಜೀನು ಹೇಗಿದೆ? 2004ರಲ್ಲಿ ಮೆದುಳು ಬ್ಯಾಂಕಿನಲ್ಲಿ ಕಾಪಾಡಿಟ್ಟಿದ್ದ 57 ಪಾರ್ಕಿನ್ಸನ್ ರೋಗಿಗಳ ಮಾದರಿಗಳನ್ನು ಪರೀಕ್ಷಿಸಿದಾಗ 12ರಲ್ಲಿ ಜಿಬಿಎ1 ದೋಷ ಸಿಕ್ಕಿತು. ಅದೇ ವರ್ಷ ಇಸ್ರೇಲಿನ ಇನ್ನೊಂದು ತಂಡ 99 ಅಶ್ಕೆನಾಜಿ ಯಹೂದಿ ಪಾರ್ಕಿನ್ಸನ್ ರೋಗಿಗಳನ್ನು ನೋಡಿ, 31 ಜನರಲ್ಲಿ ದೋಷ ಇದೆ ಅಂದಿತು. ಆ ಸಮುದಾಯದಲ್ಲಿ ಗೋಶೆ ಮೊದಲೇ ಜಾಸ್ತಿ, ಅದು ನಿಜ. ಆದರೂ ಸುಮಾರು ಮೂರರಲ್ಲಿ ಒಬ್ಬರು ಅಂದರೆ ಯಾರಾದರೂ ಬೆಚ್ಚಬೇಕು. ಅನುಮಾನ ಪೂರ್ತಿ ಕರಗಿದ್ದು 2009ರಲ್ಲಿ. ಬೇರೆ ಬೇರೆ ದೇಶಗಳ 16 ಕೇಂದ್ರಗಳು ತಮ್ಮ ಮಾಹಿತಿಯನ್ನು ಒಟ್ಟು ಸೇರಿಸಿದವು. 5,691 ರೋಗಿಗಳು, 4,898 ಆರೋಗ್ಯವಂತರು. ಪಾರ್ಕಿನ್ಸನ್ ಇದ್ದವರಲ್ಲಿ ಜಿಬಿಎ1 ದೋಷ ಇರುವ ಸಂಭವ ಐದು ಪಟ್ಟಿಗಿಂತ ಹೆಚ್ಚು ಅಂತ ಲೆಕ್ಕ ಬಂತು.

ಇದನ್ನು ಓದುವಾಗ ನನಗೆ ಜೇಮ್ಸ್ ಪಾರ್ಕಿನ್ಸನ್ ನೆನಪಾಗುತ್ತಾರೆ. 1817ರಲ್ಲಿ ಲಂಡನ್ನಿನ ಈ ವೈದ್ಯರು ವಿವರಿಸಿದ್ದು ಆರು ಜನರನ್ನು. ಅವರಲ್ಲಿ ಕೆಲವರನ್ನು ಬೀದಿಯಲ್ಲಿ ನಡೆದು ಹೋಗುವಾಗ ಕಂಡದ್ದಷ್ಟೆ. ಕಣ್ಣಿಗೆ ಬಿದ್ದದ್ದನ್ನು ಬಿಡದೆ ಹಿಡಿದುಕೊಳ್ಳುವ ಆ ಗುಣವೇ ಈ ಕಥೆಯಲ್ಲೂ ಕೆಲಸ ಮಾಡಿದೆ. ದೊಡ್ಡ ಯಂತ್ರಗಳು ಆಮೇಲೆ ಬಂದವು. ಶುರುವಾದದ್ದು ಕ್ಲಿನಿಕ್ಕಿನ ಕುರ್ಚಿಯಲ್ಲಿ, ರೋಗಿಗಳ ಮನೆಯವರ ಕಥೆ ಕೇಳುವುದರಿಂದ. (ಈ ಜೀನನ್ನು ಓದುವುದೂ ಸುಲಭವಲ್ಲ. ಅದರ ಪಕ್ಕದಲ್ಲೇ ನೂರಕ್ಕೆ 96ರಷ್ಟು ಅದನ್ನೇ ಹೋಲುವ, ಕಿಣ್ವ ತಯಾರಿಸದ ಒಂದು ಹುಸಿ ಜೀನು ಇದೆ. ಪರೀಕ್ಷೆ ಸರಿಯಾಗಿ ಮಾಡದಿದ್ದರೆ ಇದನ್ನು ಅದು, ಅದನ್ನು ಇದು ಅಂತ ಓದಿಬಿಡಬಹುದು. ಪರೀಕ್ಷೆ ಮಾಡಿಸುವವರು ಲ್ಯಾಬಿನವರನ್ನು ಇದರ ಬಗ್ಗೆ ಕೇಳುವುದು ಒಳ್ಳೆಯದು.)

ಕೋಶದೊಳಗೆ

ಕೊಬ್ಬು ಒಡೆಯುವ ಕಿಣ್ವಕ್ಕೂ ಕೈ ನಡುಗುವುದಕ್ಕೂ ಏನು ಸಂಬಂಧ? ಜೀವಕೋಶದಲ್ಲಿ ಲೈಸೋಸೋಮ್ ಅಂತ ಸಣ್ಣ ಚೀಲಗಳಿವೆ. ಬೇಡವಾದ ಕೊಬ್ಬು, ಹಳೆಯ ಪ್ರೋಟೀನುಗಳನ್ನು ಒಡೆಯುವುದು ಅಲ್ಲಿಯೇ. ನಮ್ಮ ಕಿಣ್ವವೂ ಅಲ್ಲೇ ಕೆಲಸ ಮಾಡುತ್ತದೆ. ಪಾರ್ಕಿನ್ಸನ್‌ನಲ್ಲಿ ನರಕೋಶಗಳಲ್ಲಿ ಗಂಟುಗಟ್ಟುವುದು ಆಲ್ಫಾ-ಸಿನ್ಯೂಕ್ಲಿನ್ ಅನ್ನುವ ಪ್ರೋಟೀನು. ಸೂಕ್ಷ್ಮದರ್ಶಕದಲ್ಲಿ ಲೂಯಿ ಬಾಡಿ ಅಂತ ಕಾಣುವ ಉಂಡೆಗಳಲ್ಲಿ ಮುಖ್ಯವಾಗಿ ಇರುವುದು ಇದೇ ಅಂತ 1997ರಲ್ಲಿ ಗೊತ್ತಾಯಿತು. ಆ ಪ್ರೋಟೀನು ಒಡೆಯುವ ಜಾಗಗಳಲ್ಲಿ ಲೈಸೋಸೋಮ್ ಕೂಡ ಒಂದು. ಕಿಣ್ವ ಕಡಿಮೆಯಾದರೆ ಕೊಬ್ಬು ಸೇರುತ್ತದೆ, ಆ ಕೊಬ್ಬಿನ ಸಹವಾಸದಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಗಂಟುಗಟ್ಟುವುದು ಜಾಸ್ತಿಯಾಗುತ್ತದೆ. 2011ರಲ್ಲಿ ಬಂದ ಒಂದು ಅಧ್ಯಯನ ಇದರ ಇನ್ನೊಂದು ಮುಖ ತೋರಿಸಿತು. ಗಂಟುಗಟ್ಟಿದ ಪ್ರೋಟೀನು ತಿರುಗಿ ಹೊಸ ಕಿಣ್ವ ಲೈಸೋಸೋಮ್ ತಲುಪದ ಹಾಗೆ ಅಡ್ಡಗಟ್ಟುತ್ತದೆ. ಕಟ್ಟಿಕೊಂಡ ಚರಂಡಿಯಲ್ಲಿ ನೀರು ನಿಂತು, ನಿಂತ ನೀರಿನಲ್ಲಿ ಮತ್ತಷ್ಟು ಕಸ ಕೂರುವ ಹಾಗೆ, ಒಂದರಿಂದ ಇನ್ನೊಂದು ಹೆಚ್ಚುತ್ತಾ ಹೋಗುತ್ತದೆ.

ಇನ್ನೊಂದು ದಾರಿಯೂ ಇದೆ. ದೋಷ ಇರುವ ಜೀನು ಕಿಣ್ವವನ್ನು ಸರಿಯಾಗಿ ಮಡಿಸದೆ ತಯಾರಿಸುತ್ತದೆ. ಅಂಥ ವಕ್ರ ಕಿಣ್ವ ತಯಾರಾದ ಜಾಗದಲ್ಲೇ ಸಿಕ್ಕಿಕೊಂಡು ಕೋಶಕ್ಕೆ ಒತ್ತಡ ಕೊಡುತ್ತದೆ. ಎರಡರಲ್ಲಿ ಯಾವುದು ಮುಖ್ಯ ಅಂತ ವಿಜ್ಞಾನಿಗಳು ಇನ್ನೂ ವಾದ ಮಾಡುತ್ತಿದ್ದಾರೆ. ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಮತ್ತೊಂದು ಸಂಗತಿ. ಜಿಬಿಎ1 ದೋಷವೇ ಇಲ್ಲದ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲೂ ಈ ಕಿಣ್ವದ ಚಟುವಟಿಕೆ ಕಡಿಮೆ ಇರುವುದು ಕಂಡಿದೆ. ಅಂದರೆ ಕೆಲವೇ ಕುಟುಂಬಗಳ ಕಾಯಿಲೆಯಿಂದ ಕಲಿತದ್ದು, ಆ ಕಾಯಿಲೆಯ ಹೆಸರನ್ನೇ ಕೇಳದ ಲಕ್ಷಾಂತರ ಜನರಿಗೆ ಉಪಯೋಗಕ್ಕೆ ಬರಬಹುದು. ಅಪರೂಪದ ಕಾಯಿಲೆಗೆ ಸಂಶೋಧನೆಯ ಹಣ ಯಾಕೆ ಅಂತ ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಐದು ಪಟ್ಟು ಅಂದರೆ ಎಷ್ಟು?

“ಚಿಕ್ಕಮ್ಮಾ, ಅಜ್ಜನ ಥರ ನನಗೂ ಆಗುತ್ತಾ?”

ಡ್ರಿಪ್ ಹಾಕಿಸಿಕೊಂಡು ಕೂತಿದ್ದಾಗ ಅವಳು ಕೇಳಿದಳು. ದೊಡ್ಡವರು ಮೆಲ್ಲಗೆ ಮಾತಾಡಿಕೊಂಡದ್ದು ಕಿವಿಗೆ ಬಿದ್ದಿತ್ತು. ಫೋನಿನಲ್ಲಿ ಹುಡುಕಿಯೂ ನೋಡಿದ್ದಳು. ಐದು ಪಟ್ಟು ಅಂತ ಓದಿ, ಬಂದೇ ಬರುತ್ತದೆ ಅಂತ ತಿಳಿದುಕೊಂಡಿದ್ದಳು. ಅಕ್ಕ ನನ್ನನ್ನು ನೋಡಿದಳು. ಹೇಳು ಅನ್ನುವ ಹಾಗೆ ತಲೆ ಆಡಿಸಿದಳು. ನಾನು ಅವಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹತ್ತು ಸಾಲು, ಸಾಲಿಗೆ ಹತ್ತು ಚುಕ್ಕಿ ಇಟ್ಟೆ. ನಿನ್ನ ಥರ ಗೋಶೆ ಇರುವ ನೂರು ಜನ ಅಂತ ಇಟ್ಟುಕೋ. ಎಲ್ಲರೂ 80 ವರ್ಷ ತುಂಬುವವರೆಗೆ ನೋಡಿದರೆ, ಪಾರ್ಕಿನ್ಸನ್ ಬರುವುದು ಸುಮಾರು ಒಂಬತ್ತು ಜನಕ್ಕೆ. ಒಂಬತ್ತು ಚುಕ್ಕಿಗೆ ಸುತ್ತು ಹಾಕಿದೆ. ಉಳಿದ ತೊಂಬತ್ತೊಂದು ಹಾಗೇ ಇದ್ದವು. ಅವಳು ಪೆನ್ನು ಕಸಿದುಕೊಂಡು ಉಳಿದವನ್ನು ಎಣಿಸಿದಳು. “ಅಮ್ಮಂಗೆ?” ಅಂದಳು. ಅಮ್ಮನ ಥರ ಒಂದೇ ಪ್ರತಿ ಇರುವವರಲ್ಲಿ ಸುಮಾರು ಎಂಟು ಚುಕ್ಕಿ. ಏನೂ ದೋಷ ಇಲ್ಲದವರಲ್ಲಿ ಎರಡು. ಅವಳ ಮುಂದಿನ ಪ್ರಶ್ನೆ, “ಯಾವ ಒಂಬತ್ತು ಅಂತ ಹೇಗೆ ಗೊತ್ತಾಗುತ್ತೆ?” ಈ ಕ್ಷೇತ್ರದ ದೊಡ್ಡ ಪ್ರಶ್ನೆಯನ್ನೇ ಅವಳು ಕೇಳಿಬಿಟ್ಟಿದ್ದಳು. ಇನ್ನೂ ಯಾರಿಗೂ ಗೊತ್ತಿಲ್ಲ ಕಂದಾ, ಅದನ್ನೇ ಹುಡುಕುತ್ತಿದ್ದಾರೆ ಅಂದೆ.

ಆ ಅಂಕಿಗಳು ನ್ಯೂಯಾರ್ಕಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದವು. 80 ವರ್ಷದೊಳಗೆ ಗೋಶೆ ಇದ್ದವರಲ್ಲಿ ನೂರಕ್ಕೆ 9.1, ಕ್ಯಾರಿಯರ್‌ಗಳಲ್ಲಿ 7.7, ಉಳಿದವರಲ್ಲಿ 2.1. ಇದಕ್ಕಿಂತ ಹೆಚ್ಚು ಹೇಳುವ ಅಧ್ಯಯನಗಳೂ ಇವೆ, ಮುಖ್ಯವಾಗಿ ಪಾರ್ಕಿನ್ಸನ್ ಮೊದಲೇ ಇರುವ ಕುಟುಂಬಗಳಲ್ಲಿ ಮಾಡಿದವು. ದೋಷ ಯಾವುದು ಅನ್ನುವುದರ ಮೇಲೂ ವ್ಯತ್ಯಾಸ ಆಗುತ್ತದೆ. ಎಲ್444ಪಿ ಅಂತ ಕರೆಯುವ ತೀವ್ರ ದೋಷದಲ್ಲಿ ಅಪಾಯ ಜಾಸ್ತಿ, ಎನ್370ಎಸ್ ಅನ್ನುವ ಸೌಮ್ಯ ದೋಷದಲ್ಲಿ ಕಡಿಮೆ. ಇ326ಕೆ ಅಂತ ಇನ್ನೊಂದಿದೆ, ಅದು ತಾನಾಗಿ ಗೋಶೆ ತರುವುದಿಲ್ಲ, ಪಾರ್ಕಿನ್ಸನ್ ಅಪಾಯವನ್ನು ಮಾತ್ರ ಸ್ವಲ್ಪ ಏರಿಸುತ್ತದೆ. ಎರಡು ಪ್ರತಿ ಕೆಟ್ಟವರಿಗೂ ಒಂದು ಕೆಟ್ಟವರಿಗೂ ನಡುವೆ ಅಂತರ ಇಷ್ಟು ಕಡಿಮೆ ಯಾಕೆ? ಕಿಣ್ವ ಕಡಿಮೆ ಆಗುವುದೊಂದೇ ಕಾರಣವಾಗಿದ್ದರೆ ಗೋಶೆ ಇರುವವರಲ್ಲಿ ಪಾರ್ಕಿನ್ಸನ್ ಎಷ್ಟೋ ಪಟ್ಟು ಹೆಚ್ಚು ಇರಬೇಕಿತ್ತು. ಹಾಗಿಲ್ಲ. ಬೇರೆ ಜೀನುಗಳು, ವಯಸ್ಸು, ಇನ್ನೂ ಹೆಸರಿಲ್ಲದ ಕಾರಣಗಳು ಸೇರಬೇಕು.

“ಐದು ಪಟ್ಟು” ಅನ್ನುವುದೂ ಸುಳ್ಳಲ್ಲ, “ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನಕ್ಕೆ ಬರುವುದಿಲ್ಲ” ಅನ್ನುವುದೂ ಸುಳ್ಳಲ್ಲ. ಆದರೆ ಮೊದಲನೆಯದನ್ನು ಮಾತ್ರ ಹೇಳಿ ಮನೆಗೆ ಕಳಿಸುವುದು ಅನ್ಯಾಯ ಅಂತ ನನಗೆ ಖಡಾಖಂಡಿತ ಅನಿಸುತ್ತದೆ. ಎಷ್ಟು ಜನರಲ್ಲಿ ಎಷ್ಟು ಅಂತ ಚುಕ್ಕಿ ಇಟ್ಟು ತೋರಿಸಬೇಕು. ಮಕ್ಕಳಿಗೂ ಅರ್ಥವಾಗುತ್ತದೆ.

ಬೇಡ ಅನ್ನುವ ಅವಕಾಶ

ಜೆನೆಟಿಕ್ ಪರೀಕ್ಷೆಯಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ದೊಡ್ಡವರಾದ ಮೇಲೆ ಬರಬಹುದಾದ ಕಾಯಿಲೆಯ ಬಗ್ಗೆ ತಿಳಿಯಬೇಕಾ ಬೇಡವಾ ಅಂತ ವ್ಯಕ್ತಿಯನ್ನೇ ಕೇಳುತ್ತಾರೆ. ಕೂರಿಸಿ ಮಾತಾಡುತ್ತಾರೆ, ಯೋಚಿಸಲು ಸಮಯ ಕೊಡುತ್ತಾರೆ. ನನಗೂ ನನ್ನ ತಮ್ಮನಿಗೂ ಆ ಅವಕಾಶ ಇದೆ. ಅಪ್ಪನಲ್ಲಿ ದೋಷ ಇರುವುದರಿಂದ ನಮ್ಮಿಬ್ಬರಲ್ಲಿ ಒಬ್ಬೊಬ್ಬರಿಗೂ ಅದು ಬಂದಿರುವ ಸಂಭವ ಅರ್ಧಕ್ಕರ್ಧ. ಬೇಕಾದರೆ ತಿಳಿದುಕೊಳ್ಳುತ್ತೇವೆ, ಬೇಡ ಅಂದರೆ ಬಿಡುತ್ತೇವೆ. ಅಕ್ಕ ಭಾವನಿಗೆ ಅದು ಇರಲಿಲ್ಲ. ಮಗಳ ಪರೀಕ್ಷೆಗೆ ಸಹಿ ಹಾಕಿದಾಗ ತಮ್ಮದಕ್ಕೂ ಹಾಕಿದ ಹಾಗಾಯಿತು. ಆ ಸಹಿಯನ್ನು ತಡೆಯಿರಿ ಅಂತ ನಾನು ಹೇಳುತ್ತಿಲ್ಲ. ಮಗುವಿಗೆ ಚಿಕಿತ್ಸೆ ಸಿಗಬೇಕಾದರೆ ಪರೀಕ್ಷೆ ಆಗಲೇಬೇಕು, ತಡ ಆದಷ್ಟೂ ಮೂಳೆ ಹಾಳಾಗುತ್ತದೆ. ನನ್ನ ಮಾತು ಇಷ್ಟೆ. ಸಹಿ ಹಾಕಿಸುವ ಮೊದಲು ಎರಡು ವಾಕ್ಯ ಹೇಳಬೇಕು. ಇದರಿಂದ ನಿಮ್ಮ ಬಗ್ಗೆಯೂ ಒಂದು ವಿಷಯ ಗೊತ್ತಾಗುತ್ತದೆ, ಅದರ ಬಗ್ಗೆ ಈಗಲೇ ಮಾತಾಡಬೇಕಾ, ಮಗು ಚೇತರಿಸಿಕೊಂಡ ಮೇಲಾ ಅಂತ ಕೇಳಬೇಕು. ಕ್ಯಾರಿಯರ್‌ಗೆ ಏನೂ ಆಗಲ್ಲ ಅಂತ ಹೇಳಿ ಕಳಿಸಿ, ಆಮೇಲೆ ಅವರು ಫೋನಿನಲ್ಲಿ ಓದಿ ತಿಳಿಯುವ ಹಾಗೆ ಆಗಬಾರದು. ಒಮ್ಮೆ ಹಾಗಾದರೆ ಡಾಕ್ಟರ ಮುಂದಿನ ಮಾತನ್ನು ನಂಬುವುದೂ ಕಷ್ಟ.

ಭಾವ ಈ ವಿಷಯ ಎತ್ತುವುದೇ ಇಲ್ಲ. ನಾವೂ ಎತ್ತುವುದಿಲ್ಲ. ಅಕ್ಕ ಎಲ್ಲವನ್ನೂ ಓದುತ್ತಾಳೆ. ವಾಸನೆ ಗೊತ್ತಾಗದಿರುವುದು, ನಿದ್ದೆಯಲ್ಲಿ ಕನಸಿನ ಜೊತೆ ಕೈಕಾಲು ಬೀಸುವುದು, ಮಲಬದ್ಧತೆ ಇವೆಲ್ಲ ಪಾರ್ಕಿನ್ಸನ್‌ಗೆ ವರ್ಷಗಟ್ಟಲೆ ಮುಂಚೆ ಬರಬಹುದು ಅಂತ ಓದಿ, ಸ್ವಲ್ಪ ದಿನ ಕಂಡ ಕಂಡದ್ದನ್ನೆಲ್ಲ ಮೂಸಿ ನೋಡುತ್ತಿದ್ದಳು. ಈಗ ನಿಲ್ಲಿಸಿದ್ದಾಳೆ. ಇಬ್ಬರದೂ ಸರಿಯೇ.

ಅಪ್ಪನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ರಿಪೋರ್ಟಿನ ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಾಗಾದರೆ ಮಗುವಿಗೆ ಇದು ನನ್ನಿಂದ ಬಂದದ್ದು,” ಅಂದರು. ತಮ್ಮ ಪಾರ್ಕಿನ್ಸನ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅಕ್ಕ ಹತ್ತಿರ ಹೋಗಿ ಕೂತು, “ಅಪ್ಪಾ, ನಿಮಗೆ ಯಾರು ಕೊಟ್ಟರು ಅಂತ ಕೇಳಿದರೆ ಯಾರ ಹೆಸರು ಹೇಳ್ತೀರಿ?” ಅಂದಳು. ಅವರು ತಮ್ಮ ಅಪ್ಪನ ಹೆಸರು, ಅಮ್ಮನ ಹೆಸರು ಯೋಚಿಸಿರಬೇಕು. ಯಾರನ್ನೂ ದೂರಲು ಆಗಲಿಲ್ಲ. “ಅವರಿಗೂ ಗೊತ್ತಿರಲಿಲ್ಲ,” ಅಂದರು. “ನಿಮಗೂ ಗೊತ್ತಿರಲಿಲ್ಲ,” ಅಂದಳು ಅಕ್ಕ. ಅಪ್ಪನ ನರರೋಗ ತಜ್ಞರಿಗೆ ಆ ರಿಪೋರ್ಟು ಉಪಯೋಗಕ್ಕೂ ಬಂತು. ಜಿಬಿಎ1 ದೋಷ ಇರುವವರಲ್ಲಿ ಪಾರ್ಕಿನ್ಸನ್ ಸರಾಸರಿಯಲ್ಲಿ ಸ್ವಲ್ಪ ಬೇಗ ಶುರುವಾಗುತ್ತದೆ, ನೆನಪು ಮತ್ತು ಯೋಚನಾಶಕ್ತಿಗೆ ತೊಂದರೆ ಆಗುವ ಸಂಭವವೂ ಹೆಚ್ಚು. ಮಿದುಳಿಗೆ ತಂತಿ ಇಡುವ ಶಸ್ತ್ರಚಿಕಿತ್ಸೆಯ ಬಗ್ಗೆ ಇಂಥವರಲ್ಲಿ ಹೆಚ್ಚು ಯೋಚಿಸಿ ನಿರ್ಧರಿಸಬೇಕು ಅಂತ ಕೆಲವು ಅಧ್ಯಯನಗಳು ಎಚ್ಚರಿಸಿವೆ. ಅಪ್ಪನ ಬಗ್ಗೆ ಆ ಮಾತು ಬಂದಿತ್ತು, ಈಗ ಡಾಕ್ಟರು ಮಾತ್ರೆಯಲ್ಲೇ ಮುಂದುವರಿಸೋಣ ಅಂದಿದ್ದಾರೆ.

ಔಷಧ ಎಲ್ಲಿಗೆ ಬಂತು

ಮಗುವಿಗೆ ಕೊಡುವ ಕಿಣ್ವವನ್ನೇ ಅಪ್ಪನಿಗೂ ಕೊಟ್ಟರೆ? ನಾವು ಮೊದಲು ಕೇಳಿದ್ದು ಇದನ್ನೇ. ಆಗುವುದಿಲ್ಲ. ಆ ಕಿಣ್ವ ದೊಡ್ಡ ಅಣು, ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಗುಲ್ಮವನ್ನು ಕಾಪಾಡುತ್ತದೆ, ನರಕೋಶವನ್ನು ತಲುಪುವುದಿಲ್ಲ. ಡ್ರಿಪ್ ತೆಗೆದುಕೊಳ್ಳುತ್ತಿರುವ ಗೋಶೆ ರೋಗಿಗಳಿಗೂ ಪಾರ್ಕಿನ್ಸನ್ ಬರುವುದು ಇದರಿಂದಲೇ. ಹಾಗಾದರೆ ಕೊಬ್ಬು ತಯಾರಾಗುವುದನ್ನೇ ತಗ್ಗಿಸೋಣ ಅಂತ, ಮಿದುಳಿಗೆ ದಾಟುವ ವೆಂಗ್ಲುಸ್ಟಾಟ್ ಎನ್ನುವ ಔಷಧವನ್ನು ಜಿಬಿಎ1 ದೋಷ ಇರುವ ಪಾರ್ಕಿನ್ಸನ್ ರೋಗಿಗಳ ಮೇಲೆ ಪ್ರಯೋಗಿಸಿದರು. ಫಲ ಸಿಗಲಿಲ್ಲ, 2021ರಲ್ಲಿ ಅದನ್ನು ಅಲ್ಲಿಗೇ ಬಿಟ್ಟರು. ಲೆಕ್ಕದ ಪ್ರಕಾರ ಸರಿಯಾಗಿ ಕಾಣುವುದೆಲ್ಲ ರೋಗಿಯಲ್ಲಿ ಸರಿಯಾಗುವುದಿಲ್ಲ. ನೋವಾಯಿತು, ಆದರೆ ಆ ಪ್ರಯೋಗಕ್ಕೆ ಬಂದ 221 ಜನರ ಮೇಲೆ ನನಗೆ ತುಂಬಾ ಗೌರವ.

ಈಗ ಆಸೆ ಇರುವುದು ಆಂಬ್ರಾಕ್ಸಾಲ್ ಮೇಲೆ. ಕಫ ಕರಗಿಸಲು ಎಷ್ಟೋ ದೇಶಗಳಲ್ಲಿ ದಶಕಗಳಿಂದ ಬಳಸುವ ಕೆಮ್ಮಿನ ಔಷಧ. ಹಳೆಯ ಔಷಧಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾ ಹೋದಾಗ, ಸರಿಯಾಗಿ ಮಡಿಯದ ಕಿಣ್ವಕ್ಕೆ ಇದು ಆಸರೆ ಕೊಟ್ಟು ಲೈಸೋಸೋಮ್ ತಲುಪಿಸುತ್ತದೆ ಅಂತ 2009ರಲ್ಲಿ ಕಂಡುಬಂತು. 2020ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಸಣ್ಣ ಪ್ರಯೋಗ, 17 ಪಾರ್ಕಿನ್ಸನ್ ರೋಗಿಗಳಲ್ಲಿ ಔಷಧ ಬೆನ್ನುಹುರಿಯ ದ್ರವದವರೆಗೂ ತಲುಪಿದ್ದನ್ನು ತೋರಿಸಿತು. ಕಾಯಿಲೆ ನಿಧಾನವಾಗುತ್ತದಾ ಅಂತ ಹೇಳಲು ಅಷ್ಟು ಸಾಲದು. ಅದಕ್ಕಾಗಿ ಬ್ರಿಟನ್ನಿನಲ್ಲಿ 330 ಜನರ ದೊಡ್ಡ ಪ್ರಯೋಗ ಹಮ್ಮಿಕೊಂಡಿದ್ದಾರೆ. ಇದನ್ನು ಓದಿ ಯಾರೂ ಅಂಗಡಿಯಿಂದ ಕೆಮ್ಮಿನ ಸಿರಪ್ ತಂದು ಕುಡಿಯಬೇಡಿ. ಪ್ರಯೋಗದಲ್ಲಿ ಕೊಡುವ ಪ್ರಮಾಣ ಕೆಮ್ಮಿಗೆ ಕೊಡುವುದಕ್ಕಿಂತ ತುಂಬಾ ಜಾಸ್ತಿ, ಅದನ್ನು ವೈದ್ಯರ ಕಣ್ಣಳತೆಯಲ್ಲೇ ಕೊಡುತ್ತಾರೆ.

ಒಂದು ಕೊರಗು ಉಳಿದಿದೆ. ನಾನು ಮೇಲೆ ಬರೆದ ಅಂಕಿಗಳಲ್ಲಿ ಹೆಚ್ಚಿನವು ಯುರೋಪ್ ಮೂಲದವರು ಮತ್ತು ಅಶ್ಕೆನಾಜಿ ಯಹೂದಿಗಳದು. ಬೇರೆಯವರನ್ನು ನೋಡಿದರೆ ಚಿತ್ರ ಬದಲಾಗುತ್ತದೆ ಅನ್ನುವುದಕ್ಕೆ 2023ರಲ್ಲಿ ಸಾಕ್ಷಿ ಸಿಕ್ಕಿತು. ನೈಜೀರಿಯಾದ ರೋಗಿಗಳೂ ಸೇರಿದಂತೆ ಆಫ್ರಿಕಾ ಮೂಲದವರನ್ನು ಅಧ್ಯಯನ ಮಾಡಿದಾಗ, ಇದೇ ಜಿಬಿಎ1 ಜೀನಿನಲ್ಲಿ ಹಿಂದೆ ಯಾರೂ ಗಮನಿಸದ ಒಂದು ಬದಲಾವಣೆ ಸಿಕ್ಕಿತು. ಅದು ಕಿಣ್ವದ ರಚನೆಯನ್ನು ಬರೆಯುವ ಭಾಗದಲ್ಲಿ ಇಲ್ಲ, ನಡುವಿನ ಭಾಗದಲ್ಲಿದೆ. ಸಾಮಾನ್ಯ ಪರೀಕ್ಷೆ ಆ ಭಾಗ ನೋಡುವುದೇ ಇಲ್ಲ. ಯುರೋಪಿನವರಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ, ಆಫ್ರಿಕಾ ಮೂಲದವರಲ್ಲಿ ಸಾಮಾನ್ಯ. ಅಲ್ಲಿಯವರೆಗೆ ಅಂಥ ರೋಗಿಗಳಿಗೆ “ನಿಮ್ಮಲ್ಲಿ ಜಿಬಿಎ1 ದೋಷ ಇಲ್ಲ” ಅಂತಲೇ ರಿಪೋರ್ಟು ಹೋಗುತ್ತಿತ್ತು. ಯಾರ ರಕ್ತ ಪರೀಕ್ಷೆಗೆ ಬರುವುದಿಲ್ಲವೋ ಅವರ ಪ್ರಶ್ನೆಗೆ ಉತ್ತರವೂ ಸಿಗುವುದಿಲ್ಲ.

ನಾನು ಪರೀಕ್ಷೆ ಮಾಡಿಸಲು ತೀರ್ಮಾನಿಸಿದ್ದಕ್ಕೆ ಅದೂ ಒಂದು ಕಾರಣ. ದೋಷ ಇದೆ ಅಂತ ಗೊತ್ತಾದರೂ ಇವತ್ತು ತೆಗೆದುಕೊಳ್ಳುವ ಮಾತ್ರೆ ಯಾವುದೂ ಇಲ್ಲ, ಅದು ನನಗೆ ಗೊತ್ತು. ವ್ಯಾಯಾಮ ಮಾಡಿ ಅನ್ನುತ್ತಾರೆ, ಅದನ್ನು ಹೇಗೂ ಮಾಡಬೇಕು. ಆದರೆ ಕಾಯಿಲೆ ಬರುವ ಮೊದಲೇ ತಡೆಯುವ ಔಷಧ ಸಿಗಬೇಕಾದರೆ, ಇನ್ನೂ ಕಾಯಿಲೆ ಬಾರದ ಕ್ಯಾರಿಯರ್‌ಗಳು ವರ್ಷಗಟ್ಟಲೆ ಅಧ್ಯಯನದಲ್ಲಿ ಇರಬೇಕು. ಯಾವ ಎಂಟು, ಯಾವ ಒಂಬತ್ತು ಅಂತ ಹುಡುಕುವ ದಾರಿ ಅದೊಂದೇ. ತಮ್ಮ ಬೇಡ ಅಂದಿದ್ದಾನೆ. ಅವನ ಮಕ್ಕಳು ಇನ್ನೂ ಸಣ್ಣವರು, ಈಗ ತಲೆಯಲ್ಲಿ ಇದನ್ನು ಇಟ್ಟುಕೊಳ್ಳಲು ಇಷ್ಟವಿಲ್ಲ ಅಂದ. ಕೌನ್ಸೆಲರ್ ಹತ್ತಿರ ನಾವಿಬ್ಬರೂ ಬೇರೆ ಬೇರೆಯಾಗಿ ಮಾತಾಡಿದೆವು. ಇಬ್ಬರಿಗೂ ಅವರು ಒಂದೇ ಪ್ರಶ್ನೆ ಕೇಳಿದರಂತೆ, “ದೋಷ ಇದೆ ಅಂತ ಬಂದರೆ ನಾಳೆ ಬೆಳಿಗ್ಗೆ ನೀವು ಏನು ಮಾಡುತ್ತೀರಿ?” ನಾನು ಅಧ್ಯಯನದ ಫಾರ್ಮು ತುಂಬುತ್ತೇನೆ ಅಂದೆ. ನನ್ನ ರಿಪೋರ್ಟು ಬಂದರೂ ತಾನು ಕೇಳುವವರೆಗೆ ಹೇಳಬಾರದು ಅಂತ ತಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಾನೆ.